ವೈರು ಹಿಡಿದವರು

ನಂಬಿ ಎಂದು ಯಾರನ್ನೂ ಕೇಳುತ್ತಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ವಾಲ್ಪರೈಸೊದ ಗುಡ್ಡದ ಮೇಲಿನ ಶಾಲೆಯೊಂದರಲ್ಲಿ ನೆಲಕ್ಕೆ ಕೆಂಪು ಮೇಣ ಹಚ್ಚಿ ಪಾಲಿಶ್ ಮೆಷಿನ್ ಓಡಿಸುವುದು ನನ್ನ ಕೆಲಸ. ಮೆಷಿನ್ ಹಿಡಿದವಳು ಹಿಂದಹಿಂದಕ್ಕೆ ಬಾಗಿಲಿನತ್ತ ಸರಿಯಬೇಕು. ವೈರು ಬ್ರಷ್ಷಿಗೆ ಸಿಗದಂತೆ, ನೆಲಕ್ಕೆ ತಾಕದಂತೆ ಇನ್ನೊಬ್ಬಳು ಬೆನ್ನ ಹಿಂದೆ ಎತ್ತಿ ಹಿಡಿಯಬೇಕು. ನನಗೆ ಆ ಇನ್ನೊಬ್ಬಳು ಯಾಸ್ನಾ.

ಬೇಸಿಗೆ ರಜೆ ಮುಗಿದು ಮಾರ್ಚಿನಲ್ಲಿ ಶಾಲೆ ತೆರೆಯುವ ಹಿಂದಿನ ದಿನ ಅವಳು ಬರಲಿಲ್ಲ. ತೊಳೆದು ಮೇಣ ಹಚ್ಚಿದ ಹಜಾರದ ನೆಲ ಇನ್ನೂ ಹಸಿಯಿತ್ತು. ಆದರೂ ಅವಸರಕ್ಕೆ ಬಿದ್ದು, ವೈರನ್ನು ಹೆಗಲಿಗೆ ಹಾಕಿಕೊಂಡು ಒಬ್ಬಳೇ ಶುರುಮಾಡಿದೆ.

ಸ್ವಲ್ಪ ಹೊತ್ತಿಗೆ ಹೆಗಲ ಮೇಲಿನ ವೈರು ಹಗುರವಾಯಿತು. ಬೆನ್ನ ಹಿಂದೆ ಬಟ್ಟೆಯ ಮೇಲೆ ಕಾಲಿಟ್ಟು ಜಾರಿಸುವ ಸದ್ದು. ಮೇಣದ ನೆಲದ ಮೇಲೆ ನಾವೆಲ್ಲ ನಡೆಯುವುದೇ ಹಾಗೆ.

“ಬಂದ್ಯೇನೇ ಮಹಾರಾಣಿ? ಈಗ ಬೆಳಗಾಯ್ತಾ ನಿಂಗೆ?” ಎಂದೆ.

ಮುನಿಸಿಕೊಂಡಿದ್ದಾಳೆ ಅಂದುಕೊಂಡು, ತಿರುಗಿಯೂ ನೋಡದೆ ಅರ್ಧ ಗಂಟೆ ಬೈಯುತ್ತಲೇ ಕೆಲಸ ಮಾಡಿದೆ. ಅಂಥ ಮಧ್ಯಾಹ್ನದ ಸೆಕೆಯಲ್ಲೂ ನನ್ನ ಕತ್ತಿನ ಹಿಂಭಾಗ ಮಾತ್ರ ತಣ್ಣಗಿತ್ತು.

ಕೆಲಸ ಮುಗಿಸಿ ತಿರುಗಿದರೆ ಬಾಗಿಲಾಚೆ ಕಾವಲುಗಾರ ನಿಬಾಲ್ದೊ ಒಬ್ಬನೇ ಟೀ ಕುಡಿಯುತ್ತ ಕೂತಿದ್ದ.

“ಯಾರ ಜೊತೆ ಅಷ್ಟೊತ್ತು ಜಗಳ ಆಡ್ತಿದ್ದೆ ತಾಯಿ? ಯಾಸ್ನಾ ಮಗೂಗೆ ಜ್ವರವಂತೆ, ಬರಲ್ಲ ಅಂತ ಫೋನ್ ಮಾಡಿದ್ಲು.”

ನಾನು ಪ್ಲಗ್ ಕಿತ್ತು ವೈರು ಸುತ್ತತೊಡಗಿದೆ. ಅದರುದ್ದಕ್ಕೂ ಕೆಂಪು ಮೇಣದ ಬೆರಳಚ್ಚುಗಳಿದ್ದವು. ನಾನಾದರೋ ಕೈಗವಸು ಬಿಚ್ಚಿಯೇ ಇರಲಿಲ್ಲ. ನಡುವೆ ಒಂದು ಕಡೆ ರಬ್ಬರ್ ಸೀಳಿ ಒಳಗಿನ ತಾಮ್ರ ಹೊಳೆಯುತ್ತಿತ್ತು; ಅದು ಹಸಿ ನೆಲಕ್ಕೆ ತಾಕಿದ್ದರೆ ನಾನು ಉಳಿಯುತ್ತಿರಲಿಲ್ಲ.

ಅಲ್ಲಿ ಮಾತ್ರ ಬೆರಳಚ್ಚುಗಳು ಒಂದರ ಮೇಲೊಂದು ದಟ್ಟವಾಗಿ ಒತ್ತಿಕೊಂಡಿದ್ದವು.