ಎರಡನೆಯ ಮೂಟೆ

"ಯಾರ್ರೀ ಅದು? ನನ್ನ ಮನೆಯಲ್ಲಿ ಮಲಗಿದ್ದೀರಲ್ಲ... ಎದ್ದೇಳಿ ಮೊದಲು!"

ಮಂಚದ ಮೇಲೆ ಅಂಗಾತ ಮಲಗಿದ್ದವನು ಏಳಲಿಲ್ಲ. ಕಣ್ಣನ್ನೂ ತಿರುಗಿಸಲಿಲ್ಲ. ಬೂಟುಗಳನ್ನು ಮಾತ್ರ ಬಿಚ್ಚಿ ಬಾಗಿಲ ಬಳಿ ಒಪ್ಪವಾಗಿ ಇಟ್ಟಿದ್ದ.

"ಒಂದು ನಿಮಿಷ ಮೇಡಂ. ಮಲಗಿದವರಿಗೆ ಈ ಮನೆ ಹೇಗೆ ಕಾಣುತ್ತೆ ಅಂತ ನೋಡ್ತಿದ್ದೀನಿ."

"ಇಲ್ಲಿ ಯಾರೂ ಮಲಗಲ್ಲ."

"ಮತ್ತೆ ಮಂಚ ಯಾಕೆ ಹಾಕಿಸಿದ್ರಿ?"

ಅವನು ಎದ್ದು ಕೂತು ನಕ್ಕ. ತಲೆಗೂದಲಿಗೆ ಸುಣ್ಣದ ಪುಡಿ ಅಂಟಿತ್ತು.

"ನಾನು ಅಲುಗಾಟ ಅಳೆಯೋ ಸೆನ್ಸರ್ ಕೂರಿಸೋಕೆ ಬಂದವನು. ಇವತ್ತೇ ಸೇರಿದ್ದು. ಸೂರಿಗೆ ಒಂದು ಕ್ಯಾಮೆರಾ ಬೇಕಲ್ಲ, ಜಾಗ ಹುಡುಕ್ತಿದ್ದೆ."

ನನ್ನ ಮನೆ ಎಂದುಬಿಟ್ಟೆನಲ್ಲ... ಯಾಕೆ ಹಾಗಂದೆ? ಆ ದಿನವೆಲ್ಲ ಅವಳನ್ನು ಕಾಡಿದ್ದು ಅದೊಂದೇ.

ಅದು ಯಾರ ಮನೆಯೂ ಆಗಿರಲಿಲ್ಲ. ಕಟ್ಟಡ ಸಂಶೋಧನಾ ಕೇಂದ್ರದ ದೊಡ್ಡ ಶೆಡ್ಡಿನೊಳಗೆ, ಕಬ್ಬಿಣದ ವೇದಿಕೆಯ ಮೇಲೆ ಕಟ್ಟಿದ ಪುಟ್ಟ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಟೊಳ್ಳು ಇಟ್ಟಿಗೆಯ ಕಡಿಮೆ ಖರ್ಚಿನ ಗೋಡೆಗಳು. ನಕ್ಷೆ ಅವಳದ್ದು, ಲೆಕ್ಕ ಅವಳದ್ದು. ನಿಗದಿಯಾದ ದಿನ ಯಂತ್ರಗಳು ಆ ವೇದಿಕೆಯನ್ನು ಭೂಕಂಪದಂತೆಯೇ ಅಲುಗಾಡಿಸುತ್ತವೆ. ಮನೆ ನಿಂತರೆ ಇಂಥವನ್ನು ಸಾಲುಸಾಲಾಗಿ ಬಡವರಿಗೆ ಕಟ್ಟಿಕೊಡಬಹುದು. ಬಿದ್ದರೆ ನಕ್ಷೆ ಮತ್ತೆ ಮೇಜಿಗೆ.

ಭೂಕಂಪದಲ್ಲಿ ಜನರಿಗೆ ಪೆಟ್ಟಾಗುವುದು ಗೋಡೆಯಿಂದ ಮಾತ್ರವಲ್ಲ, ಮೇಲಿಂದ ಬೀಳುವ ಸಾಮಾನಿನಿಂದಲೂ. ಹಾಗಾಗಿ ಮನೆಯೊಳಗೆ ಎಲ್ಲವೂ ನಿಜವಾಗಿಯೇ ಇರಬೇಕಿತ್ತು. ಪಾತ್ರೆ, ಲೋಟ, ಪರದೆ, ಮಂಚ. ಜನರ ಬದಲಿಗೆ ಮಾತ್ರ ಮರಳಿನ ಮೂಟೆ. ಒಬ್ಬ ಮನುಷ್ಯನಿಗೆ ಒಂದು ಮೂಟೆ.

ಅವಳ ಲೆಕ್ಕದಲ್ಲಿ ಆ ಮನೆಗೆ ಇದ್ದದ್ದು ಒಂದೇ ಮೂಟೆ.

*

"ಮಂಚದ ತಲೆಯ ಮೇಲೆ ಒಂದು ಶೆಲ್ಫ್ ಹಾಕೋಣ," ಎಂದ ಅವನು ಮರುದಿನ.

"ತಲೆ ಮೇಲೆ ಶೆಲ್ಫಾ? ಬೀಳುತ್ತೆ!"

"ಬೀಳಲಿ. ಜನ ಅಲ್ಲೇ ಹಾಕ್ಕೊಳ್ಳೋದು ಮೇಡಂ. ಬಿದ್ದಿದ್ದನ್ನ ತೋರಿಸಿದ್ರೆ ತಾನೇ ನಂಬೋದು?"

"ನಾನು ಒಪ್ಪಲ್ಲ."

"ನೀವು ಒಪ್ಪೋದು ಬೇಡ. ಒಂದು ಮೊಳೆ ಹಿಡ್ಕೊಳ್ಳಿ ಸಾಕು."

ಅವಳು ಮೊಳೆ ಹಿಡಿದಳು. ಗೋಡೆ ಕಟ್ಟಿದ ಮೇಸ್ತ್ರಿ ಹೊರಗಿನಿಂದ ಕಿಟಕಿಯಲ್ಲಿ ತಲೆ ತೂರಿಸಿದ.

"ಇಬ್ಬರೂ ಸೇರಿ ಮನೆ ಜೋಡಿಸ್ತಿದ್ದೀರಾ? ಬಾಡಿಗೆಗೆ ಕೊಡೋದಾದ್ರೆ ನನಗೇ ಹೇಳಿ ಮೇಡಂ. ಅಲ್ಲಾಡೋ ಮನೆ, ಬಾಡಿಗೆ ಮಾತ್ರ ಕಮ್ಮಿ ಮಾಡ್ಬೇಕು!"

ಅವನು ಜೋರಾಗಿ ನಕ್ಕ. ಅವಳೂ ನಕ್ಕಳು. ತನ್ನ ನಗು ಇಟ್ಟಿಗೆ ಗೋಡೆಗೆ ಬಡಿದು ತನಗೇ ಕೇಳಿಸಿದಾಗ ಬೆಚ್ಚಿದಳು. ಅದನ್ನು ಕೇಳಿ ಎಷ್ಟು ಕಾಲವಾಗಿತ್ತು...

ದಿನಗಳು ಹೋದವು. ಅವನು ಪರದೆಗೆ ದಾರ ಕಟ್ಟಿದ. ಬಾಗಿಲ ಹಿಂದೆ ಒಂದು ಹಳೆಯ ಅಂಗಿ ನೇತುಹಾಕಿದ. ಅವಳು ಲೋಟಗಳನ್ನು ತೊಳೆದಿಟ್ಟಳು, ಒಡೆಯಲಿಕ್ಕೆಂದೇ ಇಟ್ಟ ಲೋಟಗಳನ್ನು. ಮಧ್ಯಾಹ್ನ ಇಬ್ಬರೂ ಆ ಅಡುಗೆಮನೆಯ ನೆಲದಲ್ಲೇ ಕೂತು ಡಬ್ಬಿ ಬಿಚ್ಚುತ್ತಿದ್ದರು.

ಅವನು ಊರೂರು ಅಲೆಯುವವನು. ಪರೀಕ್ಷೆ ಮುಗಿದ ಸಂಜೆಯೇ ಮುಂದಿನ ಊರಿಗೆ ರೈಲು. ಅಲ್ಲೊಂದು ಹಳೆಯ ಸೇತುವೆ ಅವನ ಸೆನ್ಸರುಗಳಿಗೆ ಕಾಯುತ್ತಿತ್ತು.

"ನಿಮ್ಮ ಮನೆ ಎಲ್ಲಿ?" ಎಂದು ಒಮ್ಮೆ ಕೇಳಿದಳು.

"ಸದ್ಯಕ್ಕೆ ಇದೇ," ಎಂದ. ತಮಾಷೆಯೆಂಬಂತೆ ಹೇಳಿದ. ಆದರೆ ಅವಳತ್ತ ನೋಡಲಿಲ್ಲ.

ಸಂಜೆ ತನ್ನ ನಿಜವಾದ ಮನೆಯ ಬಾಗಿಲು ತಳ್ಳುವಾಗ ಅವಳಿಗೆ ಅನಿಸುತ್ತಿತ್ತು... ಈ ಮನೆ ಅಲ್ಲಾಡುವುದೂ ಇಲ್ಲ, ಇಲ್ಲಿ ಯಾವುದೂ ಬೀಳುವುದೂ ಇಲ್ಲ. ಆದರೂ ನನಗೇಕೆ ಆ ಶೆಡ್ಡಿಗೆ ಓಡಬೇಕೆನಿಸುತ್ತದೆ?

*

ಪರೀಕ್ಷೆಯ ಮುನ್ನಾದಿನ ಬೆಳಿಗ್ಗೆ ವೇದಿಕೆಯ ಅಡಿಯ ತೂಕಮಾಪಕ ಅವಳ ಲೆಕ್ಕಕ್ಕಿಂತ ಹೆಚ್ಚು ತೋರಿಸಿತು.

ಗೋಡೆ ಇನ್ನೂ ಒಣಗಿಲ್ಲವೇ? ಸೂರಿಗೆ ಗಾರೆ ಜಾಸ್ತಿ ಬಿತ್ತೇ? ಇಲ್ಲವೆಂದು ಮೇಸ್ತ್ರಿ ಆಣೆ ಮಾಡಿದ. ಕೇಂದ್ರದ ಮುಖ್ಯಸ್ಥರು ಗಡಿಯಾರ ನೋಡಿದರು. ಲೆಕ್ಕಕ್ಕಿಲ್ಲದ ಭಾರವಿಟ್ಟುಕೊಂಡು ಪರೀಕ್ಷೆ ಮಾಡಿದರೆ ಫಲಿತಾಂಶವನ್ನು ಯಾರೂ ಒಪ್ಪುವುದಿಲ್ಲ.

ಮಧ್ಯಾಹ್ನ ಅವಳೊಬ್ಬಳೇ ಕೋಣೆಯ ಒಂದೊಂದು ವಸ್ತುವನ್ನೂ ಮುಟ್ಟುತ್ತ ಬಂದಳು. ಮಂಚದ ಈಚೆಗೆ ಅವಳಿಟ್ಟ ಮೂಟೆ. ಆಚೆಗೆ ಹೊದಿಕೆ ಸ್ವಲ್ಪ ಉಬ್ಬಿತ್ತು.

ಎಳೆದಳು.

ಇನ್ನೊಂದು ಮೂಟೆ. ತಲೆದಿಂಬು ಸಮೇತ.

ಇದೇ ಜಾಗ... ತನ್ನ ಮನೆಯ ಮಂಚದಲ್ಲೂ ಇದೇ ಬದಿ ಖಾಲಿ. ಯಾರೋ ಇವನಿಗೆ ಹೇಳಿದ್ದಾರೆ!

ಅವನು ತಂತಿಯ ಸುರುಳಿ ಹಿಡಿದು ಒಳಗೆ ಬಂದ. ಅವಳ ಮುಖ ನೋಡಿ ಅಲ್ಲೇ ನಿಂತ.

"ನೀವಾ ಇದನ್ನ ಇಟ್ಟಿದ್ದು?"

"ಹೌದು. ನಿನ್ನೆ ಸಂಜೆ. ನಿಮಗೆ ಹೇಳ್ಬೇಕು ಅಂತಿದ್ದೆ... ಧೈರ್ಯ ಸಾಲಲಿಲ್ಲ."

"ಗಂಡ ಸತ್ತವಳ ಜೊತೆ ಹೀಗಾ ತಮಾಷೆ ಮಾಡೋದು? ಯಾರು ಹೇಳಿದ್ರು ನಿಮಗೆ? ಮೇಸ್ತ್ರೀನಾ?"

ಅವನ ಕೈಯಿಂದ ತಂತಿಯ ಸುರುಳಿ ಜಾರಿತು. ಅವನಿಗೆ ಗೊತ್ತೇ ಇರಲಿಲ್ಲವೆಂಬುದು ಆ ಮುಖದಲ್ಲೇ ಇತ್ತು. ಆದರೆ ಅವಳು ಆಗಲೇ ಕಿಟಕಿಯತ್ತ ತಿರುಗಿಯಾಗಿತ್ತು.

"ತಪ್ಪಾಯ್ತು," ಎಂದ. "ಆ ಮೂಟೆ ನೀವಲ್ಲ, ನಿಮ್ಮ ಯಜಮಾನರೂ ಅಲ್ಲ. ಅದು ನಾನು. ಅಷ್ಟೇ ನಾನು ಅಂದ್ಕೊಂಡಿದ್ದು."

ಮೂಟೆಯನ್ನು ತಾನೇ ಹೆಗಲಿಗೆ ಏರಿಸಿಕೊಂಡು ಹೊರಟುಹೋದ. ಬೂಟು ಹಾಕಿಕೊಳ್ಳುವುದನ್ನೂ ಮರೆತಿದ್ದ.

*

ಆ ಸಂಜೆ ಮನೆಯಲ್ಲಿ ಅವಳ ತಟ್ಟೆಯ ಅನ್ನ ಹಾಗೇ ಇತ್ತು.

"ಅನ್ನಕ್ಕೆ ಏನಾದ್ರೂ ಲೆಕ್ಕ ಹಾಕ್ತಿದ್ದೀಯಾ?" ಎಂದರು ಅತ್ತೆ. "ತಿನ್ನಮ್ಮ."

ಅವಳು ಎಲ್ಲವನ್ನೂ ಹೇಳಿದಳು. ಮಗನನ್ನು ಕಳೆದುಕೊಂಡ ತಾಯಿಗೆ ಇದನ್ನು ಹೇಳಬಾರದೆಂದು ಗೊತ್ತಿದ್ದೂ ಹೇಳಿದಳು. ಅವಳಿಗೆ ಬೇರೆ ಯಾರಿದ್ದರು?

ಅತ್ತೆ ಅವಳ ಪಕ್ಕಕ್ಕೆ ಸರಿದು ಕೂತರು.

"ನನ್ನ ಮಗನ ಕಡೆ ಹಾಸಿಗೆ ಇನ್ನೂ ಮಡಿಕೆ ಮುರಿದಿಲ್ಲ," ಎಂದರು. "ದಿನಾ ನೋಡ್ತೀನಿ. ನೀನು ಅಂಚಿನಲ್ಲಿ ಮುದುರ್ಕೊಂಡಿರ್ತೀಯ. ಬಿದ್ದೋಗ್ತೀಯೇನೋ ಅಂತ ನನಗೇ ಭಯ ಆಗುತ್ತೆ."

"ಅತ್ತೆ..."

"ಅವನು ನಿನಗಿಂತ ಮೊದಲು ನನ್ನವನು. ನಾನು ಮರೆಯಲ್ಲ, ನೀನೂ ಮರೀಬೇಡ. ಆದ್ರೆ ಖಾಲಿ ಜಾಗಕ್ಕೆ ಕಾವಲು ಕೂರಬೇಡ ಕಣಮ್ಮ. ನನಗೆ ನೋಡೋಕಾಗಲ್ಲ."

ಅವಳು ಅತ್ತಳು. ಸಾವಿನ ಮನೆಯಲ್ಲೂ ಅಷ್ಟು ಅತ್ತಿರಲಿಲ್ಲ. ಅತ್ತೆ ಅವಳ ತಟ್ಟೆಯ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು.

"ಅಲ್ಲಾ, ಆ ಪುಣ್ಯಾತ್ಮ ಬೂಟಿಲ್ಲದೆ ಹೋದನಾ? ರಸ್ತೆಯೆಲ್ಲಾ ಹಂಗೇ ನಡೆದನಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

*

ಬೆಳಿಗ್ಗೆ ಶೆಡ್ಡು ಜನರಿಂದ ತುಂಬಿತ್ತು. ಅವನು ಗಾಜಿನ ಆಚೆಯ ನಿಯಂತ್ರಣ ಕೊಠಡಿಯಲ್ಲಿ, ಕಂಪ್ಯೂಟರ್ ಪರದೆಗಳ ಮುಂದೆ. ಕಾಲಲ್ಲಿ ಚಪ್ಪಲಿ. ಪಕ್ಕದಲ್ಲಿ ಊರಿಗೆ ಹೊರಟ ಚೀಲ.

ಅವಳು ಗಾಜಿನತ್ತ ನೋಡದೆ ಮನೆಯೊಳಗೆ ಹೋದಳು. ಹಿಂದೆ ಮೇಸ್ತ್ರಿ, ಅವನ ಹೆಗಲ ಮೇಲೊಂದು ಭಾರ.

"ಇಲ್ಲೇನಾ ಮೇಡಂ?"

"ಇನ್ನೂ ಸ್ವಲ್ಪ ಆಚೆ. ಹ್ಞಾಂ... ಅಲ್ಲೇ."

ಅವಳೇ ದಿಂಬು ಇಟ್ಟಳು. ಅವಳೇ ಹೊದಿಸಿದಳು.

ಕೊಠಡಿಯಲ್ಲಿ ಅವನ ಮುಂದಿನ ತೂಕದ ಅಂಕಿ ಏರಿತು, ನಿಂತಿತು. ಅವನು ಅದನ್ನೇ ನೋಡಿದ. ಎಷ್ಟು ಏರಿತೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

ಮೈಕಿನಲ್ಲಿ ಅವನ ದನಿ ಇಡೀ ಶೆಡ್ಡಿಗೆ ಕೇಳಿಸಿತು.

"ಮೇಡಂ... ತೂಕ ಜಾಸ್ತಿ ತೋರಿಸ್ತಿದೆ."

"ಸರಿಯಾಗೇ ತೋರಿಸ್ತಿದೆ. ಲೆಕ್ಕ ಬದಲಾಯಿಸಿದ್ದೀನಿ." ಅವಳು ಮನೆಯಿಂದ ಹೊರಬಂದು ವೇದಿಕೆಯಿಂದ ಇಳಿದಳು.

"ಇದು... ಖಾಯಂ ಲೆಕ್ಕಾನಾ?"

ಮುಖ್ಯಸ್ಥರು ತಲೆಯೆತ್ತಿದರು. ಮೇಸ್ತ್ರಿ ಕೆಮ್ಮಿದ.

"ಇಬ್ಬರಿರೋ ಮನೆ ಅಂತಲೇ ಬರೆದಿದ್ದೀನಿ," ಎಂದಳು. ಅದು ಎಲ್ಲರಿಗೂ ಕೇಳಿಸಿತು. "ಅಲ್ಲಾಡಿಸಿ ನೋಡಿ!"

ಸೈರನ್ ಕೂಗಿತು. ವೇದಿಕೆ ಗುಡುಗಿತು. ಲೋಟಗಳು ಉರುಳಿ ಚೂರಾದವು, ಪರದೆ ಹುಚ್ಚೆದ್ದು ಬೀಸಿತು, ಗೋಡೆಯ ಮೂಲೆಯಲ್ಲಿ ಬಿರುಕೊಂದು ಮೇಲೇರಿ, ಸೂರಿನ ಕೆಳಗಿನ ಕಾಂಕ್ರೀಟು ಪಟ್ಟಿಯ ಬಳಿ ನಿಂತಿತು. ಅವಳು ಶೆಡ್ಡಿನ ಕಂಬವನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದಳು.

ನಿಲ್ಲು... ದಯವಿಟ್ಟು ನಿಲ್ಲು.

ಗದ್ದಲ ಅಡಗಿತು. ಧೂಳು ಇಳಿಯಿತು.

ಮನೆ ನಿಂತಿತ್ತು.

ಚಪ್ಪಾಳೆಯ ನಡುವೆ ಅವಳು ಒಳಗೆ ಹೋದಳು. ಹಿಂದೆಯೇ ಅವನು ಬಂದ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು.

ಶೆಲ್ಫು ಕಿತ್ತುಕೊಂಡು ಮಂಚದ ಮೇಲೆ ಬಿದ್ದಿತ್ತು, ಸರಿಯಾಗಿ ಅವನ ದಿಂಬಿನ ಮೇಲೆ. ಮೂಟೆ ಹರಿದು ಮರಳು ಸುರಿಯುತ್ತಿತ್ತು.

"ಹೇಳಿದ್ನಲ್ಲ, ಬೀಳುತ್ತೆ ಅಂತ," ಎಂದಳು. ಕಣ್ಣು ತುಂಬಿತ್ತು.

"ಹೇಳಿದ್ರಿ."

"ರೈಲಿಗೆ ಹೊತ್ತಾಗ್ತಿಲ್ವಾ?"

"ಹೋಗ್ಲೇಬೇಕು. ಸೇತುವೆ ಕೆಲಸ ಮುಗಿದ ತಕ್ಷಣ ಬರ್ತೀನಿ." ಅವನು ಹರಿದ ಮೂಟೆಯ ಬಾಯಿಗೆ ಅಂಗೈ ಒತ್ತಿ ಹಿಡಿದ. "ಬರಲಾ?"

ಅವಳು ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಬೆರಳ ಸಂದಿಯಿಂದ ಮರಳು ಇಳಿಯುವುದು ನಿಂತಿತು.

"ಬೂಟು ನನ್ನ ಹತ್ತಿರಾನೇ ಇದೆ. ತಗೊಂಡು ಹೋಗೋಕಾದ್ರೂ ಬರ್ಲೇಬೇಕಲ್ಲ."

"ಮನೆಗೇ ಬರ್ಲಾ?"

"ಬನ್ನಿ. ಅತ್ತೆ ಕೇಳ್ತಿದ್ರು ನಿಮ್ಮನ್ನ." ಅವಳು ಬಿದ್ದ ಶೆಲ್ಫನ್ನು ನೋಡಿದಳು. "ಆದ್ರೆ ಒಂದು ಮಾತು. ನಮ್ಮ ಮನೇಲಿ ತಲೆ ಮೇಲೆ ಶೆಲ್ಫ್ ಹಾಕೋ ಹಾಗಿಲ್ಲ."

"ಇಲ್ಲ," ಎಂದ ಅವನು. "ನಮ್ಮ ಮನೇಲಿ ಬೇಡ."