ಒಂದನೇ ಪುಟದ ತಿದ್ದುಪಡಿ

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಪತ್ರಿಕೋದ್ಯಮ ವಿಭಾಗದ ಮುಖ್ಯಸ್ಥ ಡಾ. ವಿಜಯಮಹಾಂತೇಶ ಹೊಸ 'ಹಿನ್ನೀರು' ಸಂಚಿಕೆಯನ್ನು ಕೈಗೆತ್ತಿಕೊಂಡರು. ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ವಿಭಾಗವೇ ತಿಂಗಳಿಗೊಮ್ಮೆ ತರುವ ನಾಲ್ಕು ಪುಟದ ಪತ್ರಿಕೆ ಅದು. ಮೊದಲ ಪುಟದಲ್ಲಿ ತಮ್ಮದೇ ಫೋಟೋ ಕಂಡು ಅವರಿಗೆ ಖುಷಿಯಾಯಿತು. ಫೋಟೋದ ಕೆಳಗೆ ಒಂದು ಚೌಕ. ಚೌಕದೊಳಗೆ ಐದು ಸಾಲು. ಓದಿ ಮುಗಿಸುವಷ್ಟರಲ್ಲಿ ಖುಷಿ ಎಲ್ಲಿ ಹೋಯಿತೋ ದೇವರೇ ಬಲ್ಲ.

'ತಿದ್ದುಪಡಿ: ಡಾ. ವಿಜಯಮಹಾಂತೇಶ ಅವರ ಹೆಸರಿನಲ್ಲಿ ಬಂದಿರುವ ಮುಳುಗಡೆ ಊರಿನ ಪತ್ರಿಕೆಗಳು ಎಂಬ ಗ್ರಂಥದ ನಾಲ್ಕರಿಂದ ಒಂಬತ್ತನೆಯ ಅಧ್ಯಾಯಗಳನ್ನು ಬರೆದವರು ಅವರ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಶೀಲಾ. ಅವರ ಹೆಸರು ಬಿಟ್ಟುಹೋಗಿದೆ. ಇದಕ್ಕಾಗಿ ವಿಷಾದಿಸುತ್ತೇವೆ. — ಸಂಪಾದಕ.'

ಸಂಪಾದಕ ಯಾರು? ಅವರೇ! ನಾನೂರು ಪ್ರತಿ ಆಗಲೇ ಹಂಚಿಹೋಗಿದ್ದವು. ಒಂದು ಕುಲಪತಿಗಳ ಮೇಜಿನ ಮೇಲೆ ಕೂತಿತ್ತು. ಮರುದಿನ ಅದೇ ಗ್ರಂಥಕ್ಕೆ ವಿಶ್ವವಿದ್ಯಾಲಯದ ಸನ್ಮಾನ ಬೇರೆ.

"ಯಾಂವ ಅಂವ? ಅವನ ಚರ್ಮಾ ಸುಲೀತೇನಿ!" ಎಂದು ವಿಜಯಮಹಾಂತೇಶ ಕೂಗಿದ್ದು ಕಾರಿಡಾರಿನ ಆಚೆ ತುದಿಗೂ ಕೇಳಿಸಿತು. ಅವರು ಸಿಟ್ಟನ್ನು ನುಂಗುವವರಲ್ಲ. ಸಿಟ್ಟು ಬಂದರೆ ಒಬ್ಬರ ಅನ್ನಕ್ಕೆ ಕಲ್ಲು ಹಾಕದೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಹನ್ನೊಂದಕ್ಕೆ ಮೂವರು ಅವರ ಮುಂದೆ ಇದ್ದರು. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಅತಿಥಿ ಉಪನ್ಯಾಸಕ ಶ್ರೀಶೈಲ. ಇಪ್ಪತ್ತೆರಡು ವರ್ಷದಿಂದ ಸಂಪಾದನೆ ಕಲಿಸುವ ಕುಮುದಿನಿ ಮೇಡಂ, ಎತ್ತರದ ದನಿಯಲ್ಲಿ ಎಂದೂ ಮಾತಾಡದವರು. ಮತ್ತೆ ಇಮಾಮಹುಸೇನ. ಇವರು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಸುದ್ದಿ ತಿದ್ದಿ ನಿವೃತ್ತರಾಗಿ, ಈಗ ವಾರಕ್ಕೆರಡು ದಿನ ಪಾಠಕ್ಕೆ ಬರುತ್ತಿದ್ದರು. ಕಳ್ಳನನ್ನು ಹಿಡಿದುಕೊಡಿ ಎಂದು ಅವರನ್ನು ಕರೆಸಿದ್ದು ಸ್ವತಃ ಮುಖ್ಯಸ್ಥರು.

"ಪುಟ ಕಟ್ಟಿದವರು ಯಾರು?" ಇಮಾಮಹುಸೇನ ಕೇಳಿದರು.

"ನಾನ್ರಿ ಸರ್," ಎಂದ ಶ್ರೀಶೈಲ. "ಬುಧವಾರ ಮೂರಕ್ಕ ಮುಗಿಸಿ ಮೇಡಂ ಅವರಿಗೆ ಕೊಟ್ಟೆ. ಆವಾಗ ಈ ಚೌಕ ಇರಲಿಲ್ರಿ."

"ಆಮ್ಯಾಲ?"

"ಕಡೀ ತಿದ್ದು ಹಾಕಿ, ಕಾಗದಕ್ಕ ಇಳಿಸಿ, ಸಾಹೇಬರ ಸಹಿಗೆ ತಂದೆ," ಎಂದರು ಕುಮುದಿನಿ. "ಸಹಿ ಆದ ಮ್ಯಾಲ ಲಕೋಟಿ ಅಂಟಿಸಿ ಶ್ರೀಶೈಲನ ಕೈಯಾಗ ಕೊಟ್ಟೆ."

"ನಾ ಇಳಕಲ್ಲಿಗೆ ಒಯ್ದು ಪ್ರೆಸ್ಸಿಗೆ ಮುಟ್ಟಿಸಿದೆ. ಲಕೋಟಿ ಬಿಚ್ಚಿಲ್ರಿ, ಖರೇನ."

"ಸುಳ್ಳ!" ಮುಖ್ಯಸ್ಥರು ಮೇಜು ಗುದ್ದಿದರು. "ಹೋದ ತಿಂಗಳು ಕಾಯಂ ಮಾಡಾಕ ಶಿಫಾರಸ್ಸು ಕೊಡಲಿಲ್ಲ ಅಂತ ಇಂವಗ ನನ್ನ ಮ್ಯಾಲ ಹಗೆ!"

ಇಮಾಮಹುಸೇನ ಅವರ ಕಡೆ ತಿರುಗಿದರು. "ನೀವು ಸಹಿ ಮಾಡುವಾಗ ಚೌಕ ಇತ್ತೇನ್ರಿ?"

"ಇದ್ದಿದ್ರ ಬಿಡ್ತಿದ್ನೇನ್ರಿ? ಅಕ್ಷರಾ ಅಕ್ಷರಾ ಓದಿ ಸಹಿ ಮಾಡೇನಿ. ಬುಧವಾರ, ನಾಕೂವರಿಗೆ."

"ಓದೇ ಮಾಡಿದ್ರಿ?"

"ಇಪ್ಪತ್ತೈದು ವರ್ಷ ಕರಡು ತಿದ್ದೂದು ಕಲಿಸಿದಾಂವಗ ಕೇಳೂ ಮಾತೇನ್ರಿ ಇದು? ಓದೇ ಮಾಡೇನಿ!"

"ಪ್ರೆಸ್ಸಿನವರು ಏನಂತಾರ?"

"ಆ ಅಹ್ಮದಸಾಬ? ಮುಂಜಾನೆ ಫೋನ್ ಹಚ್ಚಿದ್ದೆ. ಸಹಿ-ಗಿಹಿ ಅಂತ ಏನೋ ಗೊಣಗಿದ. ಕಟ್ ಮಾಡಿದೆ."

ಕುಲಸಚಿವರಿಗೆ ಶ್ರೀಶೈಲನ ಮೇಲಿನ ದೂರು ಆಗಲೇ ತಯಾರಾಗಿತ್ತು. ಹನ್ನೊಂದು ವರ್ಷ ಪಾಠ ಮಾಡಿದವನನ್ನು ಅಂದೇ ತೆಗೆದುಹಾಕಬೇಕೆಂಬ ದೂರು. ಕುಮುದಿನಿ ಅದರ ಬುಡದಲ್ಲಿ ಪೆನ್ಸಿಲ್ಲಿನಿಂದ ಸಣ್ಣದೊಂದು ಗುಣಿಸು ಗುರುತು ಹಾಕಿ ಮುಂದಿಟ್ಟರು. ಮುಖ್ಯಸ್ಥರು ಹಸಿರು ಪೆನ್ನಿನ ಮುಚ್ಚಳ ತೆಗೆದು ನೇರ ಆ ಗುರುತಿಗೇ ಕೈ ಇಟ್ಟರು. ಶ್ರೀಶೈಲನ ಮುಖ ಬಿಳಿಚಿತು.

ಇಮಾಮಹುಸೇನ ಮಾತ್ರ ಕಣ್ಣು ಕಿರಿದು ಮಾಡಿ ಪೆನ್ನನ್ನೇ ನೋಡಿದರು. "ಸ್ವಲ್ಪ ತಡೀರಿ ಸಾಹೇಬ್ರ. ಒಬ್ಬರ ರೊಟ್ಟಿ ಕಸಗೊಳ್ಳೂ ಮೊದಲು ನನಗ ನಾಕೈದು ತಾಸು ಕೊಡ್ರಿ."

"ಸಂಜೀಕ ಹೆಸರು ಹೇಳ್ತೀರೇನು?"

"ಹೇಳ್ತೇನಿ."

ಆ ನಾಲ್ಕೈದು ತಾಸು ವಿಜಯಮಹಾಂತೇಶರು ಹಲ್ಲು ಕಡಿಯುತ್ತ ಕಳೆದರು. ಊಟ ಸೇರಲಿಲ್ಲ. ಸಿಕ್ಕವನನ್ನು ಸನ್ಮಾನದ ವೇದಿಕೆಯ ಮೇಲೆಯೇ ನಿಲ್ಲಿಸಿ ಕ್ಷಮೆ ಕೇಳಿಸಬೇಕು, ಆಮೇಲೆ ಜಿಲ್ಲೆಯ ಒಂದು ಕಾಲೇಜಿನಲ್ಲೂ ಅವನಿಗೆ ಪಾಠ ಸಿಗದಂತೆ ನೋಡಿಕೊಳ್ಳಬೇಕು. ಸೇಡಿನ ರುಚಿ ಸಿಹಿ. ಕೂತಲ್ಲೇ ಅದನ್ನು ಎರಡೆರಡು ಸಲ ಚಪ್ಪರಿಸಿದರು. ಚೌಕದಲ್ಲಿದ್ದ ಮಾತು ನಿಜವೋ ಸುಳ್ಳೋ ಎಂಬ ಯೋಚನೆ ಒಮ್ಮೆಯೂ ಹತ್ತಿರ ಸುಳಿಯಲಿಲ್ಲ. ಸುಳಿಯಲು ಅವರೇ ಬಿಡಲಿಲ್ಲ.

ನಾಲ್ಕಕ್ಕೆ ಇಮಾಮಹುಸೇನ ಇಳಕಲ್ಲಿನಿಂದ ಬಸ್ಸಿನಲ್ಲಿ ಮರಳಿದರು. ಕೈಯಲ್ಲಿ ಸುರುಳಿ ಸುತ್ತಿದ ಒಂದು ಕಾಗದ. ಮತ್ತೆ ಎಲ್ಲರೂ ಸೇರಿದರು.

"ಎಲ್ಲಾರೂ ಅಚ್ಚಾದ ಪತ್ರಿಕೀನ ನೋಡಿದ್ರಿ. ಸಹಿ ಮಾಡಿದ ಕರಡು ಎಲ್ಲಿ ಅಂತ ಯಾರೂ ಕೇಳಲಿಲ್ಲ," ಎಂದರು ಅವರು. "ಅಹ್ಮದಸಾಬ ಸಂಪಾದಕರ ಸಹಿ ಇಲ್ಲದ ಪುಟ ಅಚ್ಚು ಮಾಡೂದಿಲ್ಲ. ಸಹಿ ಇದ್ದದ್ದನ್ನ ಜ್ವಾಕಿಯಿಂದ ಕಟ್ಟಿ ಇಡ್ತಾನ. ಇದ ಅದು."

ಕಾಗದ ಮೇಜಿನ ಮೇಲೆ ಬಿಚ್ಚಿಕೊಂಡಿತು. ಫೋಟೋ ಇತ್ತು. ಕೆಳಗೆ ಚೌಕವೂ ಇತ್ತು! ಚೌಕದ ನಟ್ಟನಡುವೆ, 'ವಿಷಾದಿಸುತ್ತೇವೆ' ಎಂಬ ಪದದ ಮೈಮೇಲೆ, ಹಸಿರು ಶಾಯಿಯ ಸಹಿ. ಪಕ್ಕದಲ್ಲಿ ಬುಧವಾರ, 4-30.

"ಇದು... ನಕಲಿ ಸಹಿ!"

"ಹಸಿರು ಪೆನ್ನು ನಿಮ್ಮದು. ವ್ಯಾಳೇ ನೀವ ಹೇಳಿದ್ದು. ಶಾಯಿ ಅಚ್ಚಿನ ಮ್ಯಾಲ ಹಾದು ಹೋಗೇತಿ, ಅಂದ್ರ ಚೌಕ ಮೊದಲು, ಸಹಿ ಆಮ್ಯಾಲ. ಲಕೋಟ್ಯಾಗ ಹೋದದ್ದೂ ಇದ, ಅಚ್ಚಾದದ್ದೂ ಇದ. ಶ್ರೀಶೈಲ ನಿರಪರಾಧಿ."

"ಹಂಗಾದ್ರ ಯಾರು?"

"ಇಲ್ಲಿ ನೋಡ್ರಿ." ಇಮಾಮಹುಸೇನರ ಬೆರಳು ಸಹಿಯ ಅಡಿಯಲ್ಲಿ ನಿಂತಿತು. ಹಸಿರು ಗೀಟಿನ ಕೆಳಗೆ ಪೆನ್ಸಿಲ್ಲಿನ ಗುಣಿಸು ಗುರುತು. "ನೀವು ಕಾಗದ ಓದೂದಿಲ್ಲ ಸಾಹೇಬ್ರ. ಗುರುತು ಹುಡಕ್ತೀರಿ. ಮುಂಜಾನೆ ದೂರಿಗೂ ಹಂಗ ಮಾಡಿದ್ರಿ, ನಾ ನೋಡೇನಿ. ನಿಮಗ ಸಹಿ ಜಾಗಾ ತೋರಿಸವರು ಈ ವಿಭಾಗದಾಗ ಒಬ್ಬರ. ಗುರುತು ಯಾವಾಗಲೂ ಪುಟದ ಬುಡಕ್ಕ ಇರ್ತದ. ಈ ಸಲ ಚೌಕದ ನಡುವ ಐತಿ. ಅಲ್ಲೇ ಸಹಿ ಬೀಳಲಿ ಅಂತನ ಹಾಕ್ಯಾರ. ಆದ್ರ 'ನಾ ಓದೇನಿ, ಆವಾಗ ಇರಲಿಲ್ಲ' ಅಂದು ಅವರನ್ನ ಪಾರು ಮಾಡಿದವರು ನೀವ." ಅವರು ತಿರುಗಿದರು. "ಹೌದಲ್ರಿ, ಕುಮುದಿನಿಯವರ?"

"ಹೌದು," ಎಂದರು ಕುಮುದಿನಿ. ದನಿ ಏರಲಿಲ್ಲ.

"ನೀವಾ?" ಎಂದರು ವಿಜಯಮಹಾಂತೇಶ. "ಇಪ್ಪತ್ತೆರಡು ವರ್ಷ ಜೋಡಿ ಇದ್ದು ನನ್ನ ಕುತ್ತಿಗಿ ಕೊಯ್ದ್ರಿ?"

"ಶೀಲಾನ್ನ ಸಂಶೋಧನಾಕ್ಕ ನಿಮ್ಮ ಕೈಯಾಗ ಕೊಟ್ಟಾಕಿ ನಾನ. ಎರಡು ವರ್ಷ ಬಿಸಲಾಗ ಊರೂರು ತಿರುಗಿ ಬರದ ಅಧ್ಯಾಯ ಅವು. ನೀವು ಕಿತಗೊಂಡ್ರಿ. ಆಕಿ ನನ್ನ ಮುಂದ ಬಂದು ಅತ್ತಳು. ನನ್ನ ಬಡ್ತಿ ನಿಮ್ಮ ಕೈಯಾಗ ಇತ್ತು, ಸುಮ್ಮನಿರವಾ ಅಂದೆ. ಓದೂದು ಬಿಟ್ಟು ಹೋದಳು. ಆಮ್ಯಾಲ ಆ ಪುಸ್ತಕದ ಕರಡು ನೀವು ತಿದ್ದಲಿಕ್ಕೆ ನನಗ ಕೊಟ್ರಿ. ನನಗ! ಆವತ್ತ ಆಣಿ ಮಾಡಿದೆ. ಈ ಪುಸ್ತಕಕ್ಕ ಎಂದರ ಸನ್ಮಾನ ಆದ್ರ ಅದರ ಹಿಂದಿನ ದಿನ, ನಿಮ್ಮ ಕೈಲೇನ ಖರೇ ಒಪ್ಪಿಸ್ತೇನಿ ಅಂತ."

"ಮತ್ತ ಶ್ರೀಶೈಲ? ಅಂವ ನಿಮ್ಮ ಸಲುವಾಗಿ ಬೀದಿಗೆ ಬೀಳ್ತಿದ್ದ!" ಎಂದರು ಮುಖ್ಯಸ್ಥರು.

"ಬೀಳ್ತಿರಲಿಲ್ಲ. ಕುಲಸಚಿವರಿಗೆ ಹತ್ತು ಗಂಟೇಕ್ಕನ ಬರದು ಕೊಟ್ಟೇನಿ, ಮಾಡಿದಾಕಿ ನಾನ ಅಂತ. ಶೀಲಾನ ಕೈಬರಹದ ಆರೂ ಅಧ್ಯಾಯ ಜೋಡಿಸೇನಿ. ಆಕಿ ಬರೀತಿದ್ದಾಗ ನಾ ಹಾಕಿದ ಕೆಂಪು ತಿದ್ದೂ ಅದರಾಗ ಅವ, ತಾರೀಖೂ ಅವ. ಆದರೂ ಇಲ್ಲಿ ಬಂದು ನಿಂತೆ. ಓದೇ ಸಹಿ ಮಾಡೇನಿ ಅಂತ ನೀವು ನಾಕು ಮಂದಿ ಮುಂದ ಹೇಳೂದು ಕೇಳಬೇಕಿತ್ತು. ಕೇಳಿದೆ." ಅವರು ಶ್ರೀಶೈಲನತ್ತ ನೋಡಿದರು. "ನಿನ್ನ ಜೀವಾ ಹಾರಿಸಿದ್ದು ನನ್ನ ತಪ್ಪಪಾ. ಕ್ಷಮಾ ಮಾಡು."

ಶ್ರೀಶೈಲ ತಲೆಯಾಡಿಸಿದ.

"ನಿಮ್ಮನ್ನ ಬಿಡೂದಿಲ್ಲ!" ಮುಖ್ಯಸ್ಥರು ಎದ್ದು ನಿಂತರು. "ದೂರು ಕೊಡ್ತೇನಿ! ನಿಮ್ಮ ನೌಕರಿ ತಗಸ್ತೇನಿ!"

"ಕೊಡ್ರಿ," ಎಂದರು ಇಮಾಮಹುಸೇನ. "ಸಾಕ್ಷಿಗೆ ಈ ಕರಡು ಹಚ್ಚಬೇಕಾಗ್ತದ. ವಿಚಾರಣಾದಾಗ ಮೊದಲನೇ ಪ್ರಶ್ನಿ, ತಿದ್ದುಪಡಿ ಖರೇನೋ ಸುಳ್ಳೋ? ಏನಂತೀರಿ?"

ಇಡೀ ದಿನ ಮಸೆದ ಕತ್ತಿಗೆ ತಮ್ಮ ಕುತ್ತಿಗೆಯೊಂದೇ ಉಳಿದಿರುವುದು ವಿಜಯಮಹಾಂತೇಶರಿಗೆ ಆಗ ಹೊಳೆಯಿತು. ಮತ್ತೆ ಕುರ್ಚಿಯಲ್ಲಿ ಕೂತರು.

ಮೇಜಿನ ಫೋನು ಹೊಡೆದುಕೊಂಡಿತು. ಕುಲಸಚಿವರ ಕಚೇರಿ. ನಾಳಿನ ಸನ್ಮಾನ ಮುಂದೂಡಲಾಗಿದೆ, ವಿಚಾರಣೆಗೆ ಶೀಲಾ ಅವರಿಗೆ ನೋಟಿಸು ಕಳಿಸಬೇಕು, ವಿಳಾಸ ಹೇಳಿ ಎಂದರು.

"ಶೀಲಾ..." ಮುಖ್ಯಸ್ಥರು ತಡವರಿಸಿದರು. "ಬೇವೂರು ಇರಬೇಕ್ರಿ."

ಕುಮುದಿನಿ ಕೈ ಚಾಚಿ ಅವರ ಕೈಯಿಂದ ಫೋನು ತೆಗೆದುಕೊಂಡರು.

"ಬೇವೂರು ತೌರುಮನಿ," ಎಂದರು. "ಲಗ್ನ ಆಗಿ ಹುನಗುಂದದಾಗ ಇದ್ದಾಳ. ಹೇಳ್ತೇನಿ, ಬರಕೊಳ್ರಿ."