ಕಾಪಿನ ಬೊಮ್ಮವ್ವನ ಸಿಟ್ಟು

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನನ್ನ ತಂಗಿಯ ಮಗಳು ಶರ್ವಾಣಿ. ಆನ್‌ಲೈನ್ ಆಟವೊಂದರಲ್ಲಿ ಅವಳದು ವೈದ್ಯೆಯ ಪಾತ್ರ. ಎರಡು ಬಗೆಯ ವೈದ್ಯರನ್ನು ಸಮ ಮಾಡುತ್ತೇವೆಂದು ಆಟ ನಡೆಸುವವರು ಅವಳ ಶಕ್ತಿಯಲ್ಲಿ ಅರ್ಧ ಕಿತ್ತುಕೊಂಡ ದಿನ, ಹೆಡ್‌ಫೋನನ್ನು ಮೇಜಿಗೆ ಕುಕ್ಕಿ, "ದೊಡ್ಡಮ್ಮ, ಕೂತ್ಕೊ, ಕೇಳು" ಅಂದಳು. ಬೈಗುಳ ಬಿಟ್ಟು ಮಿಕ್ಕದ್ದನ್ನು ಹೇಳುತ್ತೇನೆ.

ಬಲು ಹಿಂದೆ ಸೀಗೆದುರ್ಗವೆಂಬ ರಾಜ್ಯವಿತ್ತು. ಅಲ್ಲಿ ಇಬ್ಬರು ವೈದ್ಯೆಯರು. ಪದುಮಲೆ ಮುಟ್ಟಿದರೆ ಎಂಥ ಗಾಯವೂ ಕೂಡಿಕೊಳ್ಳುತ್ತಿತ್ತು. ಬೊಮ್ಮವ್ವ ಉಸಿರೂದಿದರೆ ಗಾಯವೇ ಆಗುತ್ತಿರಲಿಲ್ಲ. ಮೈಮೇಲೆ ಕಣ್ಣಿಗೆ ಕಾಣದ ಕಾಪು ಕೂರುತ್ತಿತ್ತು.

ಹುಣ್ಣಿಮೆ ಹುಣ್ಣಿಮೆಗೆ, ಬೆಳಗಿನ ಹೊತ್ತು, ಕಾಡಿನಿಂದ ಉರಿಗೂಳಿ ಬಂದು ಬೆಂಕಿ ಕಾರುತ್ತ ಕೋಟೆಬಾಗಿಲಿಗೆ ಗುದ್ದುತ್ತಿತ್ತು. ಬಾಗಿಲಲ್ಲಿ ಇಪ್ಪತ್ತು ಕಾವಲುಗಾರರು. ಅವರಲ್ಲೊಬ್ಬ ಬೊಮ್ಮವ್ವನ ಗಂಡ ಮಾಚಯ್ಯ. ರಾಜ ಮೇಲಿನ ಮಂಟಪದಲ್ಲಿ ಕೂತು ನೋಡುತ್ತಿದ್ದ. ಪಕ್ಕದಲ್ಲಿ ಬಿಳಿಗಡ್ಡದ ಮಾಂತ್ರಿಕ ತಕ್ಕಡಯ್ಯ, ಅವನ ಸೊಂಟದಲ್ಲೊಂದು ಸೋರೆಬುರುಡೆ. ವೈದ್ಯೆಯರಿಬ್ಬರೂ ಸಮವಾಗಿರಬೇಕೆಂಬುದು ರಾಜನ ಅಪ್ಪಣೆ. ತೂಗಿ ಸಮ ಮಾಡುವುದು ತಕ್ಕಡಯ್ಯನ ಕೆಲಸ.

ಮೊದಲ ಹುಣ್ಣಿಮೆ. ಗೂಳಿ ಗುದ್ದಿತು, ಬೆಂಕಿ ಕಾರಿತು, ಹೋಯಿತು. ಒಬ್ಬನ ಮೈಯೂ ತರಚಲಿಲ್ಲ.

"ಬೊಮ್ಮವ್ವ ಎಷ್ಟು ಗಾಯ ಮಾಯಿಸಿದಳು?" ರಾಜ ಕೇಳಿದ.

"ಒಂದೂ ಇಲ್ಲ, ಪ್ರಭು" ಅಂದ ತಕ್ಕಡಯ್ಯ. " ನಿಂತು ಗಾಳಿ ಊದುತ್ತಿದ್ದಳು. ಪಾಪ, ಪದುಮಲೆಗೆ ಕೆಲಸವೇ ಸಿಗುತ್ತಿಲ್ಲ. ಇವಳದನ್ನು ಇಳಿಸಿ ಅವಳದನ್ನು ಏರಿಸೋಣ."

ಬುರುಡೆಯ ಬಿರಡೆ ತೆರೆದ. ಬೊಮ್ಮವ್ವನ ಶಕ್ತಿಯಲ್ಲಿ ಅರ್ಧ ಅದರೊಳಗೆ ಹೋಯಿತು. ಪದುಮಲೆಗೆ ಸಿಕ್ಕಿದ್ದು ಒಂದು ಚಿಟಿಕೆ. ಸಂಜೆಯೊಳಗೆ ತಕ್ಕಡಯ್ಯನ ಗಡ್ಡ ಅರ್ಧ ಕಪ್ಪಾಗಿತ್ತು.

ಎರಡನೆಯ ಹುಣ್ಣಿಮೆ. ಅರ್ಧ ಕಾಪು ಎಷ್ಟು ತಡೆದೀತು? ಹನ್ನೊಂದು ಜನ ಬಿದ್ದರು. ಮಾಚಯ್ಯನ ಹೆಗಲು ಸೀಳಿಹೋಯಿತು. ಪದುಮಲೆ ಓಡಿ ಓಡಿ ಹನ್ನೊಂದು ಜನರನ್ನೂ ಎಬ್ಬಿಸಿದಳು. ಜನ ಚಪ್ಪಾಳೆ ತಟ್ಟಿದರು.

"ನೀನಲ್ಲಿ ನಿಂತು ಅಂಬಲಿ ಆರಿಸ್ತಿದ್ಯೇನೇ, ಬೊಮ್ಮಿ?" ಪದುಮಲೆ ನಕ್ಕಳು.

"ಅಕ್ಕ, ನೀನು ಕೂಡಿಸಿದ ಹನ್ನೊಂದು ಮೈಯೂ ಹೋದ ಹುಣ್ಣಿಮೆ ಹರಿದೇ ಇರಲಿಲ್ಲ. ಆವತ್ತು ಯಾರು ಚಪ್ಪಾಳೆ ತಟ್ಟಿದರು?"

ಪದುಮಲೆಯ ನಗು ನಿಂತಿತು. ಅಷ್ಟರಲ್ಲಿ ಮೇಲಿಂದ ತಕ್ಕಡಯ್ಯನ ದನಿ: "ಪದುಮಲೆಯದು ಅತಿಯಾಯಿತು, ಇಳಿಸೋಣ. ಬೊಮ್ಮವ್ವನದು ಇದ್ದೂ ಉಪಯೋಗವಿಲ್ಲ, ಅದನ್ನೂ ಇಳಿಸೋಣ. ಮುಂದಿನ ಸಲವೂ ಹೀಗೇ ಆದರೆ ಅವಳದನ್ನು ಪೂರ್ತಿ ತೆಗೆದುಬಿಡೋಣ."

ಬುರುಡೆ ತುಂಬಿತು. ಗಡ್ಡ ಪೂರ್ತಿ ಕಪ್ಪಾಯಿತು.

ಮಾರನೆಯ ದಿನ ಪದುಮಲೆ ಬೊಮ್ಮವ್ವನ ಮನೆಗೇ ಬಂದಳು. "ನನ್ನದರಲ್ಲೂ ಅರ್ಧ ಹೋಯಿತಲ್ಲೇ. ಎಲ್ಲಿಗೆ ಹೋಗ್ತಿದೆ ಇದೆಲ್ಲ?"

"ಅವನ ಗಡ್ಡ ನೋಡಲಿಲ್ಲವಾ ಅಕ್ಕ? ನಾವಿಬ್ಬರೂ ಒಬ್ಬರನ್ನೊಬ್ಬರು ನೋಡ್ಕೊಂಡು ಉರೀತಾ ಕೂತ್ವಿ."

ಮೂರನೆಯ ಹುಣ್ಣಿಮೆ. ಬೊಮ್ಮವ್ವ ತನ್ನಲ್ಲಿ ಉಳಿದದ್ದನ್ನೆಲ್ಲ ಒಟ್ಟುಮಾಡಿ ಇಪ್ಪತ್ತು ಕಾವಲುಗಾರರಿಗೂ ಊದಿದಳು. ಆಮೇಲೆ ಮಂಟಪದ ಕೆಳಗೆ ಕೈಕಟ್ಟಿ ನಿಂತಳು.

"ಪ್ರಭು, ಇಷ್ಟು ದಿನ ಮಂಟಪಕ್ಕೂ ಊದುತ್ತಿದ್ದೆ. ಇವತ್ತು ಬಾಗಿಲಿನವರಿಗೆ ಮಾತ್ರ ಸಾಲಿತು. ನಿಮಗಿಲ್ಲ."

ರಾಜ ನಕ್ಕ. "ನಮಗೇಕೆ? ಬೆಂಕಿ ಇಲ್ಲಿಯವರೆಗೆ ಬಂದದ್ದೇ ಇಲ್ಲ."

"ಬರುತ್ತಿತ್ತು" ಅಂದಳು ಬೊಮ್ಮವ್ವ.

ಬಂತು. ರಾಜನ ಪೇಟ ಹೊತ್ತಿತು. ತಕ್ಕಡಯ್ಯನ ಕಪ್ಪು ಗಡ್ಡ ಚಟಪಟ ಅಂದಿತು.

"ಊದೇ! ಬೇಗ ಊದೇ!" ಎಂದು ಅವನು ಕಿರುಚಿದ.

"ಗಾಳಿ ತಾನೇ ಸ್ವಾಮಿ, ನೀವೇ ಊದಿಕೊಳ್ಳಿ."

ತಾನೇ ಊದಿಕೊಳ್ಳಲೆಂದು ತಕ್ಕಡಯ್ಯ ಬುರುಡೆ ತೆರೆದ. ಕದಿಯಲು ಬರುತ್ತಿತ್ತೇ ಹೊರತು ಬಳಸಲು ಬರುತ್ತಿರಲಿಲ್ಲ. ಶಕ್ತಿಗಳೆರಡೂ ಹೊರಬಿದ್ದು ಒಡತಿಯರನ್ನು ಹುಡುಕಿಕೊಂಡು ಹೋದವು. ಕದ್ದ ಶಕ್ತಿಯಲ್ಲೇ ವಯಸ್ಸನ್ನು ತಡೆದಿಟ್ಟಿದ್ದ ಅವನಿಗೆ ಒಂದೇ ಕ್ಷಣದಲ್ಲಿ ಮುನ್ನೂರು ವರ್ಷವಾಯಿತು, ಬೂದಿಯಾಗಿ ಉದುರಿದ.

ಬೊಮ್ಮವ್ವ ಎದೆ ತುಂಬ ಉಸಿರೆಳೆದು ಈ ಸಲ ಗೂಳಿಗೇ ಊದಿದಳು. ಕಾಪು ಅದರ ಸುತ್ತ ಕೂತಿತು. ಬೆಂಕಿ ಹೊರಬರಲು ದಾರಿ ಸಿಗದೆ ಒಳಗೇ ಆರಿತು. ಉಳಿದದ್ದು ಹಸಿದ ಒಂದು ಮಾಮೂಲಿ ಗೂಳಿ. ಮಾಚಯ್ಯ ಹುಲ್ಲು ಹಾಕಿದ. ಪದುಮಲೆ ರಾಜನ ಸುಟ್ಟ ನೆತ್ತಿ ಮುಟ್ಟಿದಳು, ಸ್ವಲ್ಪ ತಡಮಾಡಿಯೇ.

ರಾಜ ಚೇತರಿಸಿಕೊಂಡು ಗಂಟಲು ಸರಿಮಾಡಿಕೊಂಡ. "ಹಾಗಾದರೆ ನಿಮ್ಮಿಬ್ಬರಲ್ಲಿ ಯಾರು ಹೆಚ್ಚು..."

"ಸಾಕು ಮಾಡಿ, ಪ್ರಭು!" ಇಬ್ಬರ ದನಿಯೂ ಒಟ್ಟಿಗೇ ಎದ್ದಿತು.

ತೂಗುವ ಹುದ್ದೆಯನ್ನು ಅಂದೇ ರದ್ದುಮಾಡಿದರು. ಆಮೇಲೆ ಸೀಗೆದುರ್ಗದಲ್ಲಿ ಎಲ್ಲರೂ ಸುಖವಾಗಿದ್ದರು. ಗಾಯಗಳೇ ಇಲ್ಲದೆ ಪದುಮಲೆ ಮಧ್ಯಾಹ್ನ ಹಾಯಾಗಿ ನಿದ್ದೆ ಹೊಡೆಯುತ್ತಿದ್ದಳು. ಕೆಲಸವಿಲ್ಲದವಳು ಎಂದು ಯಾರೂ ಅನ್ನಲಿಲ್ಲ.

ಕೇಳಿದಿರಲ್ಲ, ಇನ್ನೊಬ್ಬರಿಗೆ ಹೇಳಿ. ಮೇಲೆ ಕೂತು ತೂಗುವವರು ಯಾರಾದರೂ ನಿಮಗೆ ಪರಿಚಯವಿದ್ದರೆ, ಮೊದಲು ಅವರಿಗೆ ಹೇಳಿ.